ಕೀಳೋ ದಾಳಿಂಬೆ ತೋಟದ ಬೊಡ್ಡಿ, ನರ್ಸರಿ ಬಸರಿ: ಬೋನ್ಸಾಯ್‌ಗೆ ಯಾವಾಗ ಕೈ ಹಾಕಬೇಕು?

ಮಾಳಿಗೆ ತೋಟ, ರಾಯಚೂರು

ನಮಸ್ಕಾರ. ಎಲೆ ಉದುರಿಸುವ ಎರಡು ಗಿಡಗಳ ಬಗ್ಗೆ ಕೇಳಬೇಕಿದೆ. ಇನ್ನೂ ಎರಡಕ್ಕೂ ಕತ್ತರಿ ಮುಟ್ಟಿಸಿಲ್ಲ. ಈ ಕಡೆ ಬಿಸಿಲು ಕಂಡವರು ಹೇಳಿದ ಮೇಲೇ ಶುರು ಮಾಡೋಣ ಅಂತ ಕಾಯ್ತಿದೀನಿ.

ಒಂದು ಬಸರಿ. ಅರಣ್ಯ ಇಲಾಖೆಯ ನರ್ಸರಿಯಿಂದ ತಂದದ್ದು, ಕರೀ ಪ್ಲಾಸ್ಟಿಕ್ ಚೀಲದಲ್ಲೇ ಇದೆ. ಎದೆಮಟ್ಟ ಎತ್ತರ, ಕಾಂಡ ಹೆಬ್ಬೆರಳ ಗಾತ್ರ. ಬುಡದಿಂದ ತುದಿವರೆಗೂ ಒಂದೇ ದಪ್ಪ, ಕೆಳಗೆ ಒಂದು ಕೊಂಬೆಯೂ ಇಲ್ಲ. ಮೊದಲು ಅರಳಿ ತರೋಣ ಅಂತಿದ್ದೆ. ಅರಳಿ ಮರವನ್ನ ಕುಂಡದಲ್ಲಿ ಕತ್ತರಿಸಿ ಇಡೋದು ಬೇಡ ಅಂತ ಅತ್ತೆಯವರು ಹೇಳಿದರು. ಬಸರಿಗೆ ಅವರ ಒಪ್ಪಿಗೆ ಇದೆ.

ಇನ್ನೊಂದು ದಾಳಿಂಬೆ. ನನ್ನ ತವರು ಯಲಬುರ್ಗಾ ತಾಲೂಕು. ಅಣ್ಣ ಹಳೇ ದಾಳಿಂಬೆ ತೋಟ ಕಿತ್ತು ಆ ಹೊಲಕ್ಕೆ ತೊಗರಿ ಹಾಕೋ ಯೋಚನೆಯಲ್ಲಿದ್ದಾನೆ. ಸಂಕ್ರಾಂತಿ ಕಳೆದ ಮೇಲೆ ಜೆಸಿಬಿ ಬರುತ್ತೆ. ಮುಂಗೈ ದಪ್ಪದ ಬೊಡ್ಡಿಗಳು, ಮೈಯೆಲ್ಲ ತಿರುಚಿಕೊಂಡಿವೆ. ನೋಡಿದರೆ ಬಿಟ್ಟು ಬರೋಕೆ ಮನಸ್ಸಾಗಲ್ಲ. "ಬೇಕಾದಷ್ಟು ಒಯ್ಯವ್ವ, ಇಲ್ಲಂದ್ರ ಒಲಿಗೆ ಹೋಗ್ತಾವ" ಅಂದ ಅಣ್ಣ.

ವಿಡಿಯೋಗಳಲ್ಲೆಲ್ಲ ವಸಂತ ಶುರುವಾಗೋ ಮುಂಚೆ, ಮೊಗ್ಗು ಒಡೆಯೋ ಮುಂಚೆ ಕೀಳಿ ಅಂತಾರೆ, ಮಾರ್ಚ್ ತಿಂಗಳು ಅಂತಾರೆ. ನಮ್ಮ ಮಾರ್ಚ್ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಹಾಗಾದರೆ ನಾನು ಯಾವಾಗ ಕೀಳಬೇಕು? ಎಷ್ಟು ಎತ್ತರಕ್ಕೆ ಕತ್ತರಿಸಬೇಕು? ಅವರು ಹೇಳೋ ಅಕಡಾಮ ಮಣ್ಣಿನ ಬೆಲೆ ನೋಡಿ ಸುಮ್ಮನಾದೆ, ಅದರ ಬದಲಿಗೆ ಏನು ಹಾಕಲಿ? ನಮ್ಮ ಬೋರಿನ ನೀರಿಗೆ ಕುಂಡದ ಅಂಚೆಲ್ಲ ಬಿಳೀ ಉಪ್ಪು ಕಟ್ಟುತ್ತೆ, ಅದಕ್ಕೇನು ಮಾಡಲಿ? ಜಪಾನಿ ಮೇಪಲ್ ಬೀಜ ಆನ್‌ಲೈನಿನಲ್ಲಿ ಸಿಗ್ತವೆ, ಅವನ್ನೂ ತರಿಸಬಹುದಾ?

ಕುಂಡ ಬಳ್ಳಾರಿ

ಮೇಪಲ್ ಬೇಡ ಮೇಡಂ. ಆ ಬೀಜ ಮೊಳಿಬೇಕು ಅಂದ್ರೇನೇ ಹಸಿ ಮರಳಲ್ಲಿ ಹಾಕಿ ಎರಡು ಮೂರು ತಿಂಗಳು ಫ್ರಿಜ್ಜಲ್ಲಿ ಇಡಬೇಕು. ಹಂಗೂ ಹಿಂಗೂ ಮೊಳೆಸಿದ್ರಿ ಅಂತಿಟ್ಕೊಳ್ಳಿ, ಏಪ್ರಿಲ್ ಬಿಸಿಲಿಗೆ ಎಲೆ ಅಂಚು ಸುಟ್ಟೋಗುತ್ತೆ. ಅದಕ್ಕೆ ವರ್ಷಕ್ಕೊಮ್ಮೆ ಚಳೀಲಿ ಮಲಗಿ ಏಳೋ ಅಭ್ಯಾಸ. ನಮ್ಮಲ್ಲಿ ಆ ಚಳಿ ಸಿಗಲ್ಲ, ವರ್ಷದಿಂದ ವರ್ಷಕ್ಕೆ ಸೊರಗುತ್ತೆ.

ದಾಳಿಂಬೆ ಕೀಳೋದಕ್ಕೆ ನಾನು ಹೇಳೋದು ಮಿರಗ. ಜೂನ್ ಮೊದಲ ವಾರ ಕಳೆದು ಮೋಡ ಕಟ್ಟಿದ ಮೇಲೆ ಗಾಳೀಲಿ ತೇವ ಇರುತ್ತೆ, ಕಡಿದ ಬೇರು ಬೇಗ ಹಿಡಿಯುತ್ತೆ. ಜನವರೀಲಿ ಕಿತ್ರೆ ಬೇರು ಬರೋಷ್ಟರಲ್ಲಿ ಬೇಸಿಗೆ ಬಂದು ಕೂತಿರುತ್ತೆ. ಬದುವಿನ ಪಕ್ಕದ ನಾಲ್ಕು ಗಿಡ ಜೂನ್ ತನಕ ಬಿಡೋಕೆ ಅಣ್ಣನ್ನ ಕೇಳಿ ನೋಡಿ. ಬಸರಿಗೂ ಅದೇ ಟೈಮ್.

ಇನ್ನೊಂದು ಮಾತು. ಬೊಡ್ಡಿ ಕಿತ್ತು ತರೋ ರುಚಿ ಹತ್ತಿದ ಮೇಲೆ ಕಣ್ಣು ಗುಡ್ಡದ ಕಡೆ ಹೋಗುತ್ತೆ. ಸಂಡೂರು ಗುಡ್ಡದಲ್ಲಾಗಲಿ, ಆನೆಗೊಂದಿ ಬಂಡೆಗಳಲ್ಲಾಗಲಿ ಒಂದು ಬೇರನ್ನೂ ಎಬ್ಬಬೇಡಿ. ಅರಣ್ಯ ಭೂಮೀಲಿ ಅನುಮತಿ ಇಲ್ಲದೆ ಗಿಡ ಕಿತ್ರೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಬಂಡೆ ಸಂದೀಲಿ ಹುಟ್ಟಿ ಇಷ್ಟು ವರ್ಷ ಬದುಕಿರೋ ಗಿಡ ಅಲ್ಲೇ ಇರಬೇಕು. ಆನೆಗೊಂದಿಗೆ ಹೋದಾಗ ಬಂಡೆ ತಬ್ಬಿ ನಿಂತ ಗೋಣಿ, ಬಸರಿ ಬೇರುಗಳನ್ನ ಹತ್ರ ನಿಂತು ನೋಡಿ, ಫೋಟೋ ತಗೊಳ್ಳಿ. ಬೇರು ಹೆಂಗೆ ಹರಡುತ್ತೆ, ಕೊಂಬೆ ಎಲ್ಲಿ ತಿರುಗುತ್ತೆ ಅನ್ನೋ ಪಾಠ ಅಲ್ಲೇ ಸಿಗುತ್ತೆ.

ಕುಷ್ಟಗಿ ಕಡೆಯವ

ಅಕ್ಕಾರ, ಕೀಳೂ ತಿಂಗಳು ಆಮ್ಯಾಲ ಹೇಳ್ತೀನಿ. ಮೊದಲ ಒಂದ್ ಪ್ರಶ್ನೆ: ಅಣ್ಣಾರು ತೋಟ ಯಾಕ ಕೀಳಾಕತ್ತಾರ?

ಇದನ್ನ ಕೇಳದ ಯಾರೂ ದಾಳಿಂಬರ ಬೊಡ್ಡಿ ಮನಿಗೆ ತರಬಾರದು. ನಮ್ಮ ಕುಷ್ಟಗಿ, ಯಲಬುರ್ಗಾ ಕಡೆ ದಾಳಿಂಬರ ಕಿತ್ತವರೊಳಗ ಬಾಳ ಮಂದಿ ರೋಗಕ್ಕ ಬೇಸತ್ತು ಕಿತ್ತವರು. ಗಿಡಕ್ಕ ವಯಸ್ಸಾಗಿ ಇಳುವರಿ ಬಿದ್ದಿದ್ರ ಚಿಂತಿ ಇಲ್ಲ. ದುಂಡಾಣು ರೋಗ ಬಂದಿದ್ರ ತರಬಹುದು, ಆದ್ರ ಕರೇ ಸೀಳು ಬಿಟ್ಟ ಕೊಂಬಿ ಎಲ್ಲಾ ಕಡಿದು, ಅಲ್ಲೇ ಸುಟ್ಟು, ಬರೇ ಬೊಡ್ಡಿ ತರಬೇಕು. ಸೊರಗು ರೋಗ ಬಂದಿದ್ರ ಮಾತ್ರ ಒಂದೂ ಮುಟ್ಟಬ್ಯಾಡ್ರಿ. ಆ ಶಿಲೀಂಧ್ರ ಬೇರಿನ ಕಟ್ಟಿಗಿಯೊಳಗ ಮತ್ತ ಮಣ್ಣಾಗ ಇರ್ತೈತಿ. ಮ್ಯಾಲ ಎಷ್ಟ್ ಔಷಧ ಹೊಡದ್ರೂ ಒಳಗ ಹೋಗಿ ತಲಪೂದಿಲ್ಲ. ಗುರ್ತು ಹಿಡಿಯೂದು ಕಷ್ಟ ಅಲ್ಲ. ಒಂದ್ ಬೊಡ್ಡಿ ಅಡ್ಡ ಕೊಯ್ದು ನೋಡ್ರಿ. ಕಟ್ಟಿಗಿ ಹಳದಿ ಬಿಳುಪು ಇದ್ರ ಒಳ್ಳೇದು. ಒಳಗ ಕಂದು, ಬೂದಿ ಬಣ್ಣದ ಗೀರು ಕಂಡ್ರ ಆ ಗಿಡ ಅಲ್ಲೇ ಬಿಡ್ರಿ, ಆ ಗರಗಸ ಸ್ಪಿರಿಟ್‌ನಿಂದ ಒರಸದ ಇನ್ನೊಂದು ಗಿಡಕ್ಕ ಹಚ್ಚಬ್ಯಾಡ್ರಿ. ಬೇರಿನ್ಯಾಗ ಸಣ್ಣ ಸಣ್ಣ ಗಂಟು ಇದ್ರ ಅದು ಜಂತುಹುಳ. ಗಂಟಿನ ಬೇರೆಲ್ಲಾ ಕತ್ತರಿಸಿ, ಉಳದ ಬೇರು ತೊಳದು, ಹೊಲದ ಮಣ್ಣು ಹೊಲದಾಗ ಬಿಟ್ಟು ತರಬೇಕು.

ಇನ್ನ ಕಾಲದ ಮಾತು. ಬಳ್ಳಾರಿಯವರು ಮಿರಗ ಅಂದ್ರು. ಆಲ, ಗೋಣಿಯಂಥ ವರ್ಷಪೂರ್ತಿ ಹಸರ ಇರೋ ಗಿಡಕ್ಕ ಅವರ ಮಾತು ಖರೆ. ಎಲಿ ಉದುರಿಸೂ ಗಿಡಕ್ಕ ನಾ ಒಪ್ಪೂದಿಲ್ಲ. ಎಲಿ ಉದುರಿಸೂ ಮುಂದ ಗಿಡ ತನ್ನ ಆಹಾರ ಎಲ್ಲಾ ಬೊಡ್ಡಿಗೆ, ಬೇರಿಗೆ ಇಳಿಸಿ ಇಟ್ಕೊಂಡಿರ್ತೈತಿ. ಬೋಳಾಗಿ ನಿಂತ ಗಿಡ ಕಿತ್ರ ಆ ಕೂಡಿಟ್ಟ ಗಂಟು ಪೂರಾ ಹೊಸ ಬೇರಿಗೆ, ಹೊಸ ಚಿಗುರಿಗೆ ಸಿಗ್ತೈತಿ. ಜೂನ್‌ದಾಗ ಅದ ಗಂಟು ಎಲಿಯಾಗಿ ಮ್ಯಾಲ ನಿಂತಿರ್ತೈತಿ. ನೀವು ಕಿತ್ತ ಕೂಡ್ಲೇ ಆ ಎಲಿ ಸವರಿ ಒಗಿಬೇಕು. ಅಂದ್ರ ಗಿಡದ ಉಳಿತಾಯ ನಾವ ತೆಗದು ತಿಪ್ಪಿಗೆ ಹಾಕಿದಂಗಾತು.

ವಿಡಿಯೋದಾಗ ಮೊಗ್ಗು ಒಡಿಯೂಕಿಂತ ಮೊದಲ ಅಂತಾರಲ್ಲ, ಅದು ಇಲ್ಲಿಗೂ ಸರಿ. ಮಾರ್ಚ್ ಅನ್ನೂದು ಅವರ ಊರಿಗೆ. ತಂಪು ದೇಶದಾಗ ಗಿಡ ಚಳಿಗೆ ಮಲಗ್ತಾವು, ನಮ್ಮಲ್ಲಿ ಒಣ ಹವಾಕ್ಕ ಮಲಗ್ತಾವು. ಏಳೂದು ಮಾತ್ರ ಎರಡೂ ಕಡೆ ಒಂದ ರೀತಿ, ತೊಗಟಿ ಮ್ಯಾಲ ಮೊಗ್ಗು ಉಬ್ಬಿ ಕೆಂಪಾಗ್ತಾವು. ಕ್ಯಾಲೆಂಡರ್ ನೋಡಬ್ಯಾಡ್ರಿ, ಆ ಮೊಗ್ಗು ನೋಡ್ರಿ. ದಾಳಿಂಬರ ಬೆಳದವರಿಗೆ ಇದು ಹೊಸಾದಲ್ಲ. ಅಂಬೆ ಬಹಾರಕ್ಕ, ಅಂದ್ರ ಚಳಿಗಾಲ ಮುಗಿಯೂ ಹೊತ್ತಿಗೆ ಹೂ ಬರಿಸೂ ಬೆಳಿಗೆ, ಅಣ್ಣಾರು ಏನ್ ಮಾಡ್ತಿದ್ರು ಕೇಳ್ರಿ. ಡ್ರಿಪ್ ಬಂದ್ ಮಾಡಿ, ಗಿಡ ಬಾಡಿಸಿ, ಎಲಿ ಉದುರಿಸಿ, ಚಾಟ್ನಿ ಮಾಡಿ (ಕೊಂಬಿ ಸವರಿ), ಆಮ್ಯಾಲ ಗೊಬ್ಬರ ಹಾಕಿ ನೀರು ಬಿಡ್ತಿದ್ರು. ಗಿಡ ಒಮ್ಮಿಲೇ ಚಿಗುರಿ ಹೂವಿಗೆ ಬರ್ತಿತ್ತು. ನಮ್ಮ ಹವಾದಾಗ ದಾಳಿಂಬರ ತಾನಾಗಿ ಪೂರಾ ಬೋಳಾಗೂದಿಲ್ಲ, ರೈತ ನೀರು ನಿಲ್ಲಿಸಿ ಮಲಗಸ್ತಾನ. ಬೋನ್ಸಾಯ್‌ಗೂ ಅದ ಹಾದಿ ಹಿಡೀರಿ. ಡಿಸೆಂಬರ್ ನಡುವ ಡ್ರಿಪ್ ನಿಲ್ಲಸಾಕ ಹೇಳ್ರಿ. ಮಸಾರಿ (ಕೆಂಪು ಮಣ್ಣಿನ) ಹೊಲ ಇದ್ರ ಮೂರು ನಾಕು ವಾರಕ್ಕ ಎಲಿ ಹಳದಿ ಆಗಿ ಬೀಳ್ತಾವು, ಎರಿ ಹೊಲ ಇದ್ರ ಇನ್ನೂ ಜಾಸ್ತಿ ಹಿಡೀತೈತಿ. ಎಲಿ ಉದುರಿಸೂ ಔಷಧ ಎಥ್ರೆಲ್ ಹೊಡಿಯೂದು ಬ್ಯಾಡ, ಅದು ಹಣ್ಣಿನ ತೋಟಕ್ಕ. ಅರ್ಧ ಎಲಿ ಉದುರಿದ್ರೂ ಸಾಕು. ಕೀಳೂಕಿಂತ ಎರಡು ದಿನ ಮೊದಲ ಒಂದ್ಸಲ ದಂಡಿ ನೀರು ಬಿಡ್ರಿ. ಬೊಡ್ಡಿ ನೀರು ಕುಡದು ತುಂಬಿಕೊಂಡಿರ್ತೈತಿ, ಮಣ್ಣೂ ಸಡಿಲ ಆಗ್ತೈತಿ. ಸಂಕ್ರಾಂತಿ ಆದಮ್ಯಾಲ ಜೆಸಿಬಿ ಅಂದ್ರಿ, ಗಿಡಕ್ಕೂ ಅದ ಹೊತ್ತು.

ಮೇಪಲ್ ಬಗ್ಗೆ ಬಳ್ಳಾರಿಯವರು ಹೇಳಿದ್ದು ಸರಿ ಐತಿ. ಟೋಕಿಯೋದಾಗ 1923ರ ಭೂಕಂಪ ಆದಮ್ಯಾಲ ಅಲ್ಲಿನ ಬೋನ್ಸಾಯ್ ಕಸಬಿನವರು ಊರು ಬಿಟ್ಟು, ಒಳ್ಳೆ ನೀರು, ಮಣ್ಣು, ಗಾಳಿ ಇರೋ ಜಾಗಾ ಹುಡಿಕ್ಕೊಂಡು ಹೋಗಿ ಓಮಿಯಾ ಅನ್ನೂ ಊರಾಗ 1925ರಿಂದ ನೆಲಿ ಊರಿದರು. ಗಿಡಕ್ಕ ಒಗ್ಗೂ ನೆಲ ಹುಡಕೂದು ಅವರಿಗೆ ಆಗಿತ್ತು. ನಾವು ರಾಯಚೂರು, ಕೊಪ್ಪಳ ಬಿಟ್ಟು ಹೋಗೂದಿಲ್ಲ, ಅದಕ್ಕ ಈ ನೆಲಕ್ಕ ಒಗ್ಗೂ ಗಿಡಾನ ಹುಡುಕಬೇಕು. ದಾಳಿಂಬರ, ಬಸರಿ, ಹುಣಸಿ, ಬೇವು, ಬನ್ನಿ, ಏನ್ ಕಡಿಮಿ ಐತಿ? ಕಮರ ಮಾತ್ರ ಬ್ಯಾಡ. ನೋಡಾಕ ಬಾಳ ಚಂದ, ಜೋಡಿ ಎಲಿ ಸಣ್ಣ ಸಣ್ಣವು, ಆದ್ರ ಅದರ ತಾಯಿಬೇರು ಬಂಡಿ ಸೀಳಿ ಆಳಕ್ಕ ಇಳೀತೈತಿ, ಕಡದ್ರ ಬದುಕೂದು ಕಷ್ಟ. ಬದುವಿನ್ಯಾಗ ಕಮರ ಕಂಡ್ರ ಕೈಮುಗದು ಮುಂದ ಹೋಗ್ರಿ.

ಗಂಗಾವತಿ ಹೊಟ್ಟು

ಮಣ್ಣಿನ ವಿಷಯ ನಾನು ಹೇಳ್ತೀನಿ. ಅಕಡಾಮ ಅಂದ್ರೆ ಜಪಾನಿನ ಜ್ವಾಲಾಮುಖಿ ಮಣ್ಣಿನ ಹರಳು. ನೀರು ಹಿಡಿಯುತ್ತೆ, ಹರಳು ಹರಳಿನ ನಡುವೆ ಗಾಳಿಗೂ ಜಾಗ ಬಿಡುತ್ತೆ. ಆ ಕೆಲಸ ಚೆನ್ನಾಗಿ ಬೆಂದ ಇಟ್ಟಂಗಿಯ ಚೂರೂ ಮಾಡುತ್ತೆ. ಇಟ್ಟಂಗಿ ಒಡೆದು, ಜೋಳದ ಕಾಳಿಗಿಂತ ಸಣ್ಣದನ್ನೂ ಕಡಲೆ ಕಾಳಿಗಿಂತ ದಪ್ಪದನ್ನೂ ಜರಡಿ ಹಿಡಿದು ತೆಗೆದು ಬಿಸಾಕಿ, ನಡುವಿನ ಗಾತ್ರದ್ದು ಇಟ್ಕೊಳ್ಳಿ. ಧೂಳು ಒಂದು ಚಿಟಿಕೆನೂ ಇರಬಾರದು, ಕೆಳಗೆ ಇಳಿದು ತೂತು ಕಟ್ಟುತ್ತೆ. ಇಟ್ಟಂಗಿ ಎರಡು ಪಾಲು, ತೊಳೆದ ಗರಸು ಒಂದು ಪಾಲು, ಹಳೇ ಎರೆಹುಳು ಗೊಬ್ಬರ ಮುಕ್ಕಾಲು ಪಾಲು. ಎರೆ ಮಣ್ಣು ಒಂದು ಹಿಡಿ ಕೂಡ ಬೇಡ. ಹಸಿ ಇದ್ದಾಗ ಬೇರಿನ ಉಸಿರು ಕಟ್ಟುತ್ತೆ, ಒಣಗಿದಾಗ ಬಿರಿದು ಬೇರು ಹರಿಯುತ್ತೆ.

ನಮ್ಮೂರ ಅಕ್ಕಿ ಗಿರಣಿಗಳಲ್ಲಿ ಸುಟ್ಟ ಹೊಟ್ಟು ಬೇಕಾದಷ್ಟು ಸಿಗುತ್ತೆ, ಸಿಂಧನೂರಲ್ಲೂ ಸಿಗುತ್ತೆ. ಕಪ್ಪಗೆ, ಹೊಟ್ಟಿನ ಆಕಾರ ಉಳಿದಿರೋದನ್ನ ಮಾತ್ರ ತಗೊಳ್ಳಿ, ಚೆನ್ನಾಗಿ ತೊಳೆದು ಅರ್ಧ ಪಾಲು ಹಾಕಬಹುದು. ಬಿಳಿ ಬೂದಿ ಬೇಡ, ಅದು ಕ್ಷಾರ, ನಿಮ್ಮ ಬೋರ್ ನೀರಿನ ಜೊತೆ ಸೇರಿದರೆ ಇನ್ನೂ ಕಷ್ಟ.

ಉಪ್ಪಿಗೆ ಒಂದೇ ದಾರಿ: ತಿಂಗಳಿಗೊಮ್ಮೆ ಕುಂಡದ ತುಂಬ ನೀರು ಹಾಕಿ, ಕೆಳಗಿಂದ ಧಾರಾಕಾರ ಹರಿಯೋ ತನಕ ತೊಳೀರಿ. ದಿನಾ ಚೂರು ಚೂರು ನೀರು ಹಾಕಿದರೆ ಉಪ್ಪು ಒಳಗೇ ಕೂಡುತ್ತೆ. ಮಳೆ ನೀರು ಡ್ರಮ್ಮಲ್ಲಿ ಹಿಡಿದಿಡಿ. ಎಸಿಯಿಂದ ತೊಟ್ಟಿಕ್ಕೋ ನೀರು ಹಾಕಬಹುದು. ಕುಡಿಯೋ ನೀರಿನ ಫಿಲ್ಟರ್ ಹೊರಗೆ ಬಿಡೋ ನೀರನ್ನ ಮಾತ್ರ ಹಾಕಬೇಡಿ, ಅದರಲ್ಲಿ ಉಪ್ಪು ಇನ್ನೂ ಹೆಚ್ಚಿರುತ್ತೆ.

ಮಾಳಿಗೆ ತೋಟ, ರಾಯಚೂರು

ಎಲ್ಲರಿಗೂ ಧನ್ಯವಾದ. ಕುಷ್ಟಗಿ ಅಣ್ಣಾರ, ನೀವು ಕೇಳಿದ್ದನ್ನ ಫೋನ್ ಮಾಡಿ ಕೇಳಿದೆ. ತೋಟಕ್ಕೆ ದುಂಡಾಣು ರೋಗ ಬಂದಿತ್ತಂತೆ, ಔಷಧಿ ಖರ್ಚು ಹಣ್ಣಿನ ರೇಟಿಗಿಂತ ಜಾಸ್ತಿ ಆಗಿ ಕೀಳ್ತಿದಾನೆ. ಗಿಡ ನಿಂತ ಹಾಗೇ ಒಣಗಿದ್ದು ತಗ್ಗಿನ ಕಡೆಯ ಒಂದು ಸಾಲಲ್ಲಿ ಮಾತ್ರ. ಅಲ್ಲಿದೊಂದು ಮತ್ತೆ ದಿಬ್ಬದ ಕಡೆಯದೊಂದು ಕೊಯ್ದು ಫೋಟೋ ಕಳಿಸಿದಾನೆ. ತಗ್ಗಿನದರಲ್ಲಿ ನೀವು ಹೇಳಿದ ಬೂದಿ ಗೀರು ಸ್ಪಷ್ಟ ಇದೆ. ದಿಬ್ಬದ ಕಡೆಯದು ಒಳಗೆಲ್ಲ ತಿಳಿಹಳದಿ. ಹೊಲ ಮಸಾರಿ. ಡ್ರಿಪ್ ನಿಲ್ಲಿಸೋದಕ್ಕೂ ಒಪ್ಪಿದ.

ಈಗ ಕೀಳೋ ರೀತಿ ಹೇಳಿ. ಬಸರಿಯನ್ನ ಏನು ಮಾಡಲಿ ಅನ್ನೋದೂ ಉಳೀತು. ನಮ್ಮ ಮಾಳಿಗೆ ಏಪ್ರಿಲ್‌ನಲ್ಲಿ ಬರಿಗಾಲಲ್ಲಿ ನಿಲ್ಲೋಕಾಗಲ್ಲ, ಅಷ್ಟು ಕಾಯುತ್ತೆ.

ಕುಷ್ಟಗಿ ಕಡೆಯವ

ತಗ್ಗಿನ ಸಾಲೂ ಬ್ಯಾಡ, ಅದರ ಆಜೂಬಾಜೂ ಎರಡು ಸಾಲೂ ಬ್ಯಾಡ. ಸೊರಗು ರೋಗ ಮಣ್ಣಾಗ, ನೀರಾಗ ಹರದು ಪಕ್ಕದ ಗಿಡಕ್ಕ ಹೋಗ್ತೈತಿ, ಮ್ಯಾಲ ಕಾಣೂಕಿಂತ ಮೊದಲ ಒಳಗ ಸೇರಿರ್ತೈತಿ. ದಿಬ್ಬದ ಕಡೆಯವು ಆರಸ್ರಿ.

ಆರಸೂದಂದ್ರ ದಪ್ಪ ಒಂದ ನೋಡಬ್ಯಾಡ್ರಿ. ಕೂತು, ಬುಡದ ಮಣ್ಣು ಬೆರಳಿನಿಂದ ಕೆದರಿ, ಬೇರು ಸುತ್ತೂ ಹರಡೇತೋ ಇಲ್ಲೋ ನೋಡ್ರಿ. ನಮ್ಮ ಕಡೆ ತೋಟದ ದಾಳಿಂಬರ ಬಾಳಷ್ಟು ಗೂಟಿ ಕಟ್ಟಿ, ಅಂದ್ರ ಗಿಡದ ಮ್ಯಾಲಿನ ಕೊಂಬಿಗೇ ಬೇರು ಬರಿಸಿ ಮಾಡಿದ ಸಸಿ. ಬೀಜದ ಗಿಡದಂಗ ಒಂದ ತಾಯಿಬೇರು ಇರೂದಿಲ್ಲ, ಸುತ್ತೂ ಬೇರು ಒಡದಿರ್ತಾವು. ಬೋನ್ಸಾಯ್ ಮಾಡಾವ್ರಿಗೆ ಇದಕ್ಕಿಂತ ಭಾಗ್ಯ ಇಲ್ಲ. ಇನ್ನೊಂದು, ತೋಟದಾಗ ಒಂದ ಗುಣಿಗೆ ಮೂರು ನಾಕು ಬೊಡ್ಡಿ ಬಿಟ್ಟಿರ್ತಾರ. ಅವನ್ನ ಬ್ಯಾರೆ ಬ್ಯಾರೆ ಸೀಳಬೇಕಂತ ಏನಿಲ್ಲ. ಒಂದು ದಪ್ಪಂದು, ಒಂದು ಸಣ್ಣದು, ಹಂಗ ಎರಡ ಉಳಿಸಿದ್ರ ತಾಯಿ ಮಗಳ ಜೋಡಿ ಬಾಳ ಚಂದ ಕಾಣ್ತೈತಿ.

ಜೆಸಿಬಿ ಬರೂಕಿಂತ ಮೊದಲ ನೀವು ಹೋಗ್ರಿ. ಜೆಸಿಬಿ ಕಿತ್ತ ಬೊಡ್ಡಿಯ ಬೇರು ಸೀಳಿರ್ತಾವು, ತೊಗಟಿ ಸುಲದಿರ್ತೈತಿ. ಮೊದಲ ಮ್ಯಾಲಿನ ಕೊಂಬಿ ಎಲ್ಲಾ ಕಡೀರಿ, ಬೊಡ್ಡಿ ಒಂದೂವರಿ ಗೇಣು ಉಳೀಲಿ. ನಿಮಗ ಬೇಕಾಗಿದ್ದು ಅದಕ್ಕಿಂತ ಕಡಿಮಿ ಇದ್ರೂ ಈಗ ಹೆಚ್ಚಿಗಿ ಬಿಡ್ರಿ. ಕಡದ ತುದಿ ಒಂದಿಷ್ಟು ಒಣಗಿ ಕೆಳಗ ಇಳೀತೈತಿ, ಚಿಗುರು ಎಲ್ಲೆಲ್ಲಿ ಒಡೀತೈತಿ ನೋಡಿಕೊಂಡು ಮುಂದಿನ ವರ್ಷ ಮತ್ತ ಕಡೀಬಹುದು. ಆಮ್ಯಾಲ ಬೊಡ್ಡಿಯಿಂದ ಒಂದ್ ಗೇಣು ದೂರ ಸುತ್ತೂ ಅಗದು, ದಪ್ಪ ಬೇರು ಗರಗಸದಿಂದ ಕೊಯ್ರಿ, ಸಲಿಕಿಯಿಂದ ಕುಕ್ಕಬ್ಯಾಡ್ರಿ. ಕೂದಲ ಬೇರು ಎಷ್ಟ್ ಸಿಗತಾವ ಅಷ್ಟೂ ಕಾಪಾಡ್ರಿ, ಅವ ನೀರು ಕುಡಿಯೂವು. ಕೊಯ್ದ ಬಾಯಿಗೆಲ್ಲಾ ಬೋರ್ಡೋ ಮುಲಾಮು. ಅಣ್ಣಾರಿಗೆ ಗೊತ್ತಿರ್ತೈತಿ, ನೂರು ಗ್ರಾಂ ಮೈಲುತುತ್ತ, ನೂರು ಗ್ರಾಂ ಸುಣ್ಣ, ಒಂದ್ ಲೀಟರ್ ನೀರು, ಎರಡೂ ಬ್ಯಾರೆ ಬ್ಯಾರೆ ಪ್ಲಾಸ್ಟಿಕ್ ಬಕೀಟಿನ್ಯಾಗ ಕಲಸಿ ಕೂಡಿಸೂದು. ಕಬ್ಬಿಣದ ಡಬ್ಬಿ ಬ್ಯಾಡ. ಬೇರು ಹಸಿ ಗೋಣಿಚೀಲದಾಗ ಸುತ್ತಿ, ಅದರ ಮ್ಯಾಲ ಪ್ಲಾಸ್ಟಿಕ್ ಕಟ್ಟಿ, ಅವತ್ತ ರಾಯಚೂರು ಮುಟ್ಟಿ ಅವತ್ತ ಹಚ್ಚಿಬಿಡ್ರಿ.

ಚಂದನ್ನ ತಟ್ಟಿ ಕುಂಡ ಈಗ ಕೊಳ್ಳಬ್ಯಾಡ್ರಿ. ತೋಟದಾಗ ಹಣ್ಣು ತುಂಬೂ ಪ್ಲಾಸ್ಟಿಕ್ ಕ್ರೇಟ್ ಇರ್ತಾವಲ್ಲ, ಅದರಾಗ ಹಸರ ನೆರಳು ಬಲಿ ಹಾಸಿ, ಗಂಗಾವತಿಯವರು ಹೇಳಿದ ಇಟ್ಟಂಗಿ ಮಿಶ್ರಣ ತುಂಬಿ ಹಚ್ಚರಿ. ಸುತ್ತೂ ತೂತು ಇರ್ತಾವು, ಬೇರು ತೂತಿನ ತನಕ ಬಂದು ಗಾಳಿ ಹತ್ತಿ ಅಲ್ಲೇ ನಿಂತು, ಹಿಂದ ಸಣ್ಣ ಬೇರು ಒಡೀತಾವು. ಕರೇ ಚೀಲದೊಳಗಿನ ಗಿಡದಂಗ ಬೇರು ಗಿರಕಿ ಹೊಡಿಯೂದಿಲ್ಲ. ಬೊಡ್ಡಿ ಅಲ್ಲಾಡದಂಗ ಕ್ರೇಟಿಗೆ ಸುತಳಿ ಬಿಗೀರಿ. ಅಲ್ಲಾಡಿದ್ರ ಒಡದ ಎಳೀ ಬೇರೆಲ್ಲಾ ಮುರೀತಾವು, ಕಿತ್ತು ಹಚ್ಚಿದ ಗಿಡ ಸಾಯೂದು ಹೆಚ್ಚಿಗಿ ಈ ಕಾರಣಕ್ಕ.

ಕಿತ್ತು ತಂದ ಗಿಡ ಅಂದ್ರ ಬಾಣಂತಿ ಇದ್ದಂಗ. ಬಿಸಿಗಾಳಿ ಬಡೀಬಾರದು, ಹಸಿವಿಗೆ ಮೀರಿ ಉಣಿಸಬಾರದು. ಮಾಳಿಗಿ ಮ್ಯಾಲ ಐವತ್ತು ಪರ್ಸೆಂಟಿನ ನೆರಳು ಬಲಿ ಕಟ್ರಿ, ಪಡುವಣ ಕಡೆ ಬಲಿ ಕೆಳಗಿನ ತನಕ ಇಳೀಲಿ. ಕ್ರೇಟ್ ಬರೇ ನೆಲಕ್ಕ ಇಡಬ್ಯಾಡ್ರಿ, ಇಟ್ಟಂಗಿ ಮ್ಯಾಲ ಎತ್ತಿಟ್ಟು ಸುತ್ತೂ ಹಸಿ ಗೋಣಿಚೀಲ ಸುತ್ರಿ. 40 ಡಿಗ್ರಿ ದಾಟೂ ಊರಾಗ ಮ್ಯಾಲಿನ ಬಿಸಿಲಿಗಿಂತ ಬೇರಿಗೆ ಹತ್ತೂ ಕಾವ ಕೊಲ್ಲೂದು. ಚಿಗುರು ಬಂತಂತ ಗೊಬ್ಬರ ಹಾಕಬ್ಯಾಡ್ರಿ. ಮೊದಲನೇ ಚಿಗುರು ಬೊಡ್ಡಿಯೊಳಗ ಕೂಡಿಟ್ಟ ಗಂಟಿನಿಂದ ಬರ್ತೈತಿ, ಬೇರು ಬಂದೈತಿ ಅನ್ನೂ ಗುರ್ತಲ್ಲ ಅದು. ಆ ಚಿಗುರು ಬಲತು, ಎಲಿ ದಪ್ಪಾಗಿ, ಮತ್ತ ಎರಡನೇ ಸಲ ಚಿಗುರಿದ್ರ ಬೇರು ಹಿಡದೈತಿ ಅಂತ ತಿಳೀರಿ. ಮಳಿಗಾಲದ ತನಕ ಒಂದೂ ಚಿಗುರು ಚಿವುಟಬ್ಯಾಡ್ರಿ. ಹೂ ಬಂದ್ರ ಮಾತ್ರ ಕಿತ್ತು ಹಾಕ್ರಿ.

ಒಂದ್ ವಿನಂತಿ. ಈ ಬೊಡ್ಡಿಯೊಳಗ ದುಂಡಾಣು ಉಳದಿರಬಹುದು. ಮಳಿ ಬಂದಾಗ ಎಲಿ ಮ್ಯಾಲ ಎಣ್ಣಿ ಬಿದ್ದಂಗ ಚುಕ್ಕಿ ಕಂಡ್ರ ಆ ರೆಂಬಿ ಕಡದು ಸುಡ್ರಿ. ಯಾವ ಕಾರಣಕ್ಕೂ ಈ ಗಿಡ ತಿರುಗಿ ದಾಳಿಂಬರ ಬೆಳಿಯೂ ಊರಿಗೆ ಒಯ್ಯಬ್ಯಾಡ್ರಿ, ಕಡ್ಡಿ ಕೂಡ ಯಾರಿಗೂ ಕೊಡಬ್ಯಾಡ್ರಿ. ಇನ್ನೂ ತೋಟ ಉಳಿಸಿಕೊಂಡವರು ಇದಾರ, ಅವರಿಗೆ ನಮ್ಮಿಂದ ರೋಗ ಹೋಗಬಾರದು.

ಬಸರಿಗೆ ಅವಸರ ಬ್ಯಾಡ. ಹೆಬ್ಬೆರಳ ಗಾತ್ರದ ಗಿಡಾನ ತಟ್ಟಿಗೆ ಹಾಕಿದ್ರ ಮುಂದ ದಪ್ಪ ಆಗೂದಾ ಇಲ್ಲ. ಮಾಘದ ಆಸುಪಾಸು ಎಲಿ ಉದುರಿಸಿ ತುದಿ ಮೊಗ್ಗು ಉಬ್ಬಿದಾಗ ಚೀಲ ಹರದು, ಗಿರಕಿ ಹೊಡದ ಬೇರು ಕತ್ತರಿಸಿ, ತಾಯಿಬೇರು ಗಿಡ್ಡ ಮಾಡಿ, ಉಳದ ಬೇರು ನಿಮ್ಮ ಕೈಯಿಂದ ಒಂದೊಂದಾಗಿ ಸುತ್ತೂ ಬಿಡಿಸಿ ಹರವಿ, ಕೆಳಗ ಒಂದ್ ಪರಸಿ ಕಲ್ಲಿನ ತುಂಡು ಇಟ್ಟು ದೊಡ್ಡ ಕ್ರೇಟಿನ್ಯಾಗ ಹಚ್ಚರಿ. ಕೆಳಗ ಇಳಿಯಾಕ ದಾರಿ ಇಲ್ಲದ ಬೇರು ಪಕ್ಕಕ್ಕ ಹೋಗ್ತಾವು, ಮುಂದ ಅದ ಬುಡದ ಚಂದ. ಈ ವರ್ಷ ಕಾಂಡ ಕಡೀಬ್ಯಾಡ್ರಿ, ಮ್ಯಾಲ ಎಷ್ಟ್ ಬೆಳೀತೈತಿ ಕೆಳಗ ಅಷ್ಟ್ ದಪ್ಪ ಆಗ್ತೈತಿ. ದಪ್ಪ ಬಂದಮ್ಯಾಲ, ಕಡೀಕ ಗಿಡ ಎಷ್ಟ್ ಎತ್ತರ ಇರಬೇಕಂತ ಮನಸಿನ್ಯಾಗ ಐತೋ ಅದರ ಮೂರರಾಗ ಒಂದ್ ಪಾಲಿಗೆ ಕಾಂಡ ಕಡೀರಿ. ಹಾಲು ಸುರೀತೈತಿ, ನೀರು ಚಿಮುಕಿಸಿದ್ರ ನಿಲ್ತೈತಿ. ಕೆಳಗ ಕೊಂಬಿ ಇಲ್ಲಂತ ಹೆದರಬ್ಯಾಡ್ರಿ, ಬಸರಿ ಬೋಳು ಕಾಂಡದ ಮ್ಯಾಲೂ ಒಡೀತೈತಿ. ಅದರೊಳಗ ಒಂದನ್ನ ಹೊಸಾ ತುದಿ ಮಾಡಿ ಬೆಳಸಿ, ಅದು ದಪ್ಪಾದ ಮ್ಯಾಲ ಮತ್ತ ಕಡೀರಿ. ಹಿಂಗ ಮೆಟ್ಟಲಾ ಮೆಟ್ಟಲಾ ಕಡಕೋತ ಹೋದ್ರ ಬುಡ ದಪ್ಪ ತುದಿ ಸಣ್ಣ ಆಗಿ ಮರದ ರೂಪ ಬರ್ತೈತಿ. ದಪ್ಪ ಬೇಗ ಬೇಕಂದ್ರ ನರ್ಸರಿಯಿಂದ ಇನ್ನೂ ಮೂರು ನಾಕು ಬಸರಿ ಸಸಿ ತಂದು ಬುಡ ಕೂಡಿಸಿ ಬಿಗಿಯಾಗಿ ಕಟ್ರಿ. ಆಲದ ಜಾತಿಯವು ಒಂದಕ್ಕೊಂದು ಬೆಸಕೊಂಡು ಒಂದ ಬೊಡ್ಡಿ ಆಗ್ತಾವು.

ಕುಂಡ ಬಳ್ಳಾರಿ

ಅಣ್ಣ, ನೀರು ನಿಲ್ಲಿಸಿ ಮಲಗಿಸಿ ಕೀಳೋ ಮಾತು ಒಪ್ಪಿದೆ. ನೆರಳು ಬಲೆ ಇಲ್ಲದವರಿಗೆ ಮಾತ್ರ ಮಿರಗವೇ ವಾಸಿ ಅಂತ ನನಗೆ ಈಗಲೂ ಅನ್ಸುತ್ತೆ. ತಂತಿ ಬಗ್ಗೆ ಏನೂ ಹೇಳಲಿಲ್ಲ ನೀವು. ದಾಳಿಂಬೆ ಕೊಂಬೆಗೆ ಅಲ್ಯೂಮಿನಿಯಂ ತಂತಿ ಸುತ್ತಿದ್ರೆ ಬಗ್ಗುತ್ತಾ?

ಕುಷ್ಟಗಿ ಕಡೆಯವ

ನೆರಳಿಲ್ಲದವರು ಮಿರಗ ಕಾಯ್ಲಿ, ಅದಕ್ಕ ನನ್ನ ತಕರಾರಿಲ್ಲ.

ತಂತಿ: ಆ ವರ್ಷದ ಹಸರ ರೆಂಬಿಗೆ, ಇನ್ನೂ ಕಟ್ಟಿಗಿ ಆಗೂಕಿಂತ ಮೊದಲ ಸುತ್ತಿದ್ರ ಬಗ್ತೈತಿ. ಬಲತ ದಾಳಿಂಬರ ಕೊಂಬಿ ಪಟ್ಟನ ಮುರೀತೈತಿ. ತಂತಿಯ ದಪ್ಪ ರೆಂಬಿಯ ಮೂರನೇ ಒಂದ್ ಪಾಲು ಇರಲಿ, ಓರೆಯಾಗಿ ಸುತ್ರಿ, ಮಳಿಗಾಲದಾಗ ವಾರಕ್ಕೊಮ್ಮಿ ನೋಡ್ರಿ. ಗಿಡ ದಪ್ಪ ಆಗೂ ವೇಗಕ್ಕ ತಂತಿ ತೊಗಟಿಯೊಳಗ ಇಳದುಬಿಡ್ತೈತಿ. ಬಿಚ್ಚಾಗ ಸುತ್ತು ಬಿಚ್ಚಬ್ಯಾಡ್ರಿ, ತುಂಡು ತುಂಡು ಕತ್ತರಿಸಿ ತೆಗೀರಿ.

ನನಗ ಮನಸ್ಸಿಗೆ ಹಿಡಿಸಿದ್ದು ಕತ್ತರಿ ಪದ್ಧತಿ. ಚೀನಾದ ತೆಂಕಣ ಭಾಗ, ಗ್ವಾಂಗ್‌ಡಾಂಗ್ ಕಡೆ, ಲಿಂಗ್ನಾನ್ ಪದ್ಧತಿ ಅಂತ ಐತಿ. ಅಲ್ಲೀ ಹವಾನೂ ಬೆಚ್ಚಗ, ಗಿಡ ಜೋರು ಬೆಳೀತಾವು. ಅವರು ತಂತಿ ನೆಚ್ಚಿಕೊಳ್ಳೂದಿಲ್ಲ. ರೆಂಬಿ ಬೇಕಾದಷ್ಟು ದಪ್ಪ ಆಗೂ ತನಕ ಉದ್ದ ಬಿಟ್ಟು, ಆಮ್ಯಾಲ ಗಿಡ್ಡ ಕಡೀತಾರ. ಹೊಸಾ ಚಿಗುರು ಯಾವ ದಿಕ್ಕಿಗೆ ಬೇಕೋ ಆ ದಿಕ್ಕಿನ ಮೊಗ್ಗಿನ ಮ್ಯಾಲ ಕಡಿಯೂದು, ಅದು ದಪ್ಪಾದಮ್ಯಾಲ ಮತ್ತ ಕಡಿಯೂದು. ಪ್ರತಿ ಕಡತಕ್ಕ ಕೊಂಬಿ ಒಂದ್ ತಿರುವು ತಗೋತೈತಿ. ದಾಳಿಂಬರದಾಗ ಮೊಗ್ಗು ಜೋಡಿ ಜೋಡಿ ಎದುರಾಬದುರಾ ಇರ್ತಾವು, ಬ್ಯಾಡಾದ್ದು ಉಗುರಿನಿಂದ ತೆಗದ್ರ ಬೇಕಾದ ದಿಕ್ಕು ಸಿಕ್ಕಂಗ. ಬರಗಾಲ ಕಂಡ ಗಿಡದ ಗಂಟು, ತಿರುವು ಹಿಂಗ ಬರ್ತಾವ ಹೊರತು ತಂತಿಯಿಂದ ಬರೂದಿಲ್ಲ.

ದಾಳಿಂಬರದ ಇನ್ನೊಂದು ಗುಣ ತಿಳಕೊಂಡಿರಬೇಕು. ಹಳೇ ಬೊಡ್ಡಿಯೊಳಗ ಒಂದೊಂದು ಬೇರು ಒಂದೊಂದು ಪಟ್ಟಿ ತೊಗಟಿಗೆ ನೀರು ಕೊಡ್ತೈತಿ. ಒಂದ್ ಬೇರು ಸತ್ರ ಅದರ ಮ್ಯಾಲಿನ ಪಟ್ಟಿ, ಕೊಂಬಿ ಸಾಯ್ತಾವು, ಆಜೂಬಾಜೂ ಪಟ್ಟಿ ಬದಕ್ತಾವು. ಸತ್ತ ಭಾಗ ಬೆಳ್ಳಗ ಒಣಗಿ, ಬದುಕಿದ ಭಾಗ ಉಬ್ಬಿ ಅದರ ಸುತ್ತೂ ತಿರುಗ್ತೈತಿ. ಅಕ್ಕಾರ, ನಿಮ್ಮ ಬೊಡ್ಡಿಯೊಳಗ ಹಂಗ ಒಂದ್ ಪಟ್ಟಿ ಒಣಗಿದ್ರ ಗಿಡ ಹೋತಂತ ಒಗೀಬ್ಯಾಡ್ರಿ. ಉಗುರಿನಿಂದ ಬ್ಯಾರೆ ಕಡೆ ಕೆರದು ನೋಡ್ರಿ, ಹಸರ ಕಂಡ್ರ ಜೀವ ಐತಿ.

ಮಾಳಿಗೆ ತೋಟ, ರಾಯಚೂರು

ಅಣ್ಣಾರ, ಎಲ್ಲ ನೋಟ್‌ಬುಕ್ಕಿನಲ್ಲಿ ಬರಕೊಂಡೆ. ದಿಬ್ಬದ ಕಡೆಯ ಆರು ಗಿಡಕ್ಕೆ ಅಣ್ಣ ಕೆಂಪು ರಿಬ್ಬನ್ ಕಟ್ಟಿದಾನೆ. ನಾನು ಹೋದಾಗ ಬುಡ ಕೆದರಿ ನೋಡಿ ಮೂರು ಮಾತ್ರ ತರ್ತೀನಿ. ನೆರಳು ಬಲೆಗೆ ಹೇಳಿ ಆಯ್ತು. ಒಂದೇ ಅನುಮಾನ: ಇಷ್ಟು ವರ್ಷ ಕೊಂಬೆ ನೆರಳಲ್ಲಿದ್ದ ಬೊಡ್ಡಿ, ಎಲ್ಲ ಕಡಿದ ಮೇಲೆ ಬಿಸಿಲಿಗೆ ತೊಗಟೆ ಸುಡಲ್ವಾ?

ಕುಷ್ಟಗಿ ಕಡೆಯವ

ಸುಡ್ತೈತಿ, ಸರಿಯಾದ್ದು ಕೇಳಿದ್ರಿ. ಕೀಳೂಕಿಂತ ಮೊದಲ ಬೊಡ್ಡಿಯ ಪಡುವಣ ಮಗ್ಗಲಿಗೆ ಸುಣ್ಣದಿಂದ ಒಂದ್ ಗೀಟು ಎಳೀರಿ. ಮಾಳಿಗಿ ಮ್ಯಾಲ ಹಚ್ಚೂ ಮುಂದ ಆ ಗೀಟು ಮತ್ತ ಪಡುವಣಕ್ಕ ಬರೂವಂಗ ನಿಲ್ಲಸ್ರಿ. ಮಧ್ಯಾಹ್ನದ ಬಿಸಿಲು ತಿಂದು ಗಟ್ಟಿಯಾದ ತೊಗಟಿ ಅದು, ಎಳೀ ಮಗ್ಗಲು ಮೂಡಣಕ್ಕ ಇರಲಿ. ಆಮ್ಯಾಲ ಬೊಡ್ಡಿಗೆ ಪೂರಾ ತೆಳ್ಳಗ ಸುಣ್ಣ ಬಳೀರಿ, ಮೊಗ್ಗು ಉಬ್ಬಿದ ಜಾಗಾ ಬಿಟ್ಟು. ಮಳಿಗೆ ತಾನ ತೊಳದು ಹೋಗ್ತೈತಿ.